ಎರಡನೇ ಮಳೆಗಾಲದ ಖಾರ

ಜುಲೈ 2, ಮಂಗಳವಾರ

ಮೇಲಿನ ಖೋಲಿಗೆ ಮನೀಷಾ ಅಂತ ಹುಡುಗಿ ಬಂದಾಳ. ನಮ್ಮ ಸೊಸಿ ಜಯಮಾಲಾನ ಜೋಡಿ ಹುಮನಾಬಾದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದಾಕಿ. ಊರು ಹುಲಸೂರ. ಈಗ ಕಲಬುರಗಿಯಲ್ಲಿ ಪಿಎಚ್.ಡಿ. ಮಾಡಾಕತ್ತಾಳ. ಎರಡು ತಿಂಗಳು ಇಲ್ಲೇ ಬಸವಕಲ್ಯಾಣದಾಗ ಇದ್ದು ಸುತ್ತಮುತ್ತಲ ಊರಿನ ಕೆಲಸ ಮುಗಿಸಿಕೊಂಡು ಹೋಗತಾಳಂತ. ಬಾಡಿಗಿ ತಗೋಬಾರದು ಅಂತ ಜಯಮಾಲಾ ತಾನೇ ತೀರ್ಮಾನ ಮಾಡಿ ಆಮೇಲೆ ನನ್ನ ಅಭಿಪ್ರಾಯ ಕೇಳಿದಳು. ಯೆಸ್ ಅಂದೆ. ಮತ್ತೇನು ಅನ್ನಲಿ.

ಅರಿವಿ ಒಂದು ಚೀಲ, ಸಾಮಾನು ಮೂರು ಪೆಟ್ಟಿಗಿ. ಮಗ ಧನರಾಜ ಅಂಗಡಿಗೆ ಹೋಗಿದ್ದ, ಹಂಗಾಗಿ ನಾನೇ ಹಿಡಿದು ಹತ್ತಿಸಿದೆ. "ಹಗೂರ ಕಾಕಾ, ಹಗೂರ" ಅಂತ ಹಿಂದ ಹಿಂದ ಬಂದಳು, ಪೆಟ್ಟಿಗ್ಯಾಗ ಕೂಸು ಮಲಗಿದಂಗ. ತೆರೆದು ತೋರಿಸಿದಳು. ಕೂದಲಿನಷ್ಟು ತೆಳು ಗಾಜಿನ ನೂಲು. ತುದಿಗೆ ಬಂಗಾರದ ಕಣ ಮೆತ್ತ್ಯಾರ, ಕಣ್ಣಿಗೆ ಕಾಣಲಾರದಷ್ಟು ಸಣ್ಣವು, ನ್ಯಾನೋ ಅಂತಾರ. ಆ ಬಂಗಾರದ ಮ್ಯಾಲ ಮತ್ತೇನೋ ಹಚ್ಚಿರತಾರ, ಅದು ಒಂದೇ ಒಂದು ವಿಷದ ಗುರುತು ಹಿಡೀತದ. ವಿಷ ಬಂದು ಅಂಟಿತು ಅಂದರ ನೂಲಿನೊಳಗಿಂದ ಹೊಳ್ಳಿ ಬರುವ ಬೆಳಕು ಸ್ವಲ್ಪ ಬದಲಾಗತದ. ಲ್ಯಾಪ್‌ಟಾಪಿನ ಪರದೆ ಮ್ಯಾಲ ಗುಡ್ಡದಂಥ ಗೆರಿ ಕಾಣತದ. ಗುಡ್ಡ ಬಲಕ್ಕ ಸರಿದರ ವಿಷ ಅದ ಅಂತ ಅರ್ಥ.

ನಾನೂ ಅದೇ ಕಾಲೇಜಿನಲ್ಲಿ ಎರಡು ವರ್ಷ ಬಿ.ಎಸ್ಸಿ. ಓದಿದವನು. ಕಂಡಕ್ಟರ್ ನೌಕರಿ ಸಿಕ್ಕಿತು, ಬಿಟ್ಟೆ. "ಟೋಟಲ್ ಇಂಟರ್ನಲ್ ರಿಫ್ಲೆಕ್ಷನ್" ಅಂದೆ. "ಬರಾಬರ್ ಕಾಕಾ!" ಅಂತ ಹುಡುಗಿ ಕಣ್ಣು ಅರಳಿಸಿದಳು. ಅದರ ಮುಂದಿಂದು ನನಗ ನೆನಪಿರಲಿಲ್ಲ. ಛಾ ಆತೇನು ನೋಡತೀನಿ ಅಂತ ಕೆಳಗ ಇಳಿದೆ.

ಯಾವ ವಿಷ ಅಂತ ಕೇಳಿದ್ದಕ್ಕ ಹೇಳಿದಳು: ಬೂಷ್ಟಿನದು. ಶೇಂಗಾಕ್ಕ, ಮೆಣಸಿನಕಾಯಿಗೆ ಥಂಡಿ ಹತ್ತಿ ಬೂಷ್ಟು ಬಂತಂದರ ಹುಟ್ಟತದಂತ. ಬೂಷ್ಟು ಕಣ್ಣಿಗೆ ಕಂಡೀತು, ವಿಷ ಕಾಣಂಗಿಲ್ಲ, ಅದಕ್ಕ ರುಚಿಯೂ ಇಲ್ಲ. ತಿಂದಕೋತ ಹೋದರ ಲಿವರ್ ಹಾಳು. ಮನಿಮನಿಗೆ ಹೋಗಿ ಮಸಾಲಿ ಖಾರದ ಸ್ಯಾಂಪಲ್ ತಗೋತಾಳಂತ.

ಊಟ ಸರಿ ಸೇರಲಿಲ್ಲ. ಕುಂತಲ್ಲಿ ಕೂಡಲಿಕ್ಕೆ ಆಗವಲ್ದು.

ಜುಲೈ 5, ಶುಕ್ರವಾರ

ಮುಂಜಾನೆ ಎದ್ದು ಬಸ್ ಸ್ಟ್ಯಾಂಡಿಗೆ ಹೋದೆ. ಕೆಲಸ ಏನಿಲ್ಲ. ರಿಟೈರ್ ಆಗಿ ಏಳೆಂಟು ವರ್ಷ ಆತು, ಇನ್ನೂ ಕಾಲು ಅಲ್ಲಿಗೇ ಒಯ್ಯತಾವ. ಹುಡುಗರು ಈಗ ಮೈಕಿನಾಗ ಊರ ಹೆಸರು ಹೇಳತಾರ, ಯಾವ ಊರಂತ ದೇವರಿಗೇ ಗೊತ್ತು. ನಾನು ಹುಮನಾಬಾದಿನಲ್ಲಿ ಕಂಟ್ರೋಲರ್ ಇದ್ದಾಗ ಮೈಕ್ ಇಲ್ಲದೇ ಒದರಿದರ ಬೀದರಿನ ಬಸ್ಸಿನವರು ಇಳಿದು ಕಲಬುರಗಿ ಬಸ್ ಹತ್ತತಿದ್ದರು. ಇರಲಿ.

ಮನಿಗೆ ಬಂದಾಗ ಮನೀಷಾ ಕಟ್ಟಿ ಮ್ಯಾಲ ಕುಂತಿದ್ದಳು. "ಕಾಕಾ, ಮೊದಲ ಸ್ಯಾಂಪಲ್ ನಿಮ್ಮ ಮನಿಯಿಂದ ತಗೋಬೇಕಂತೀನಿ. ಹಳೇ ಖಾರ ಇದ್ರ ಕೊಡ್ರಿ."

"ಹಳೇದು ಮುಗದದ" ಅಂದೆ. ಜಯಮಾಲಾ ಒಳಗಿಂದ ನೋಡಿದಳು. ಈ ಬ್ಯಾಸಿಗಿಯಲ್ಲಿ ಗಿರಣ್ಯಾಗ ಕುಟ್ಟಿಸಿ ತಂದ ಹೊಸಾ ಖಾರ ಒಂದು ಚಮಚ ಪೊಟ್ಟಣ ಕಟ್ಟಿ ಕೊಟ್ಟಳು.

ಮುಗದಿಲ್ಲ. ನನ್ನ ಖೋಲಿಯ ಕಪಾಟಿನಾಗ ಭರಣಿಯಲ್ಲಿ ಅದ. ಮನಿಯಾಕಿ ಮಾಣಿಕಮ್ಮ ಹೋದ ವರ್ಷ ಏಪ್ರಿಲಿನಲ್ಲಿ ಕುಟ್ಟಿಸಿದ್ದು. ನವೆಂಬರಿನಲ್ಲಿ ಆಕಿ ತೀರಿಹೋದಳು. ಅರ್ಧಕ್ಕಿಂತ ಸ್ವಲ್ಪ ಕಡಿಮಿ ಉಳದದ. ಮಧ್ಯಾಹ್ನ ರೊಟ್ಟಿ ಜೋಡಿ ಒಂದು ಚಿಟಿಕಿ, ಎಣ್ಣಿ ಹಾಕಿಕೊಂಡು. ಮಧ್ಯಾಹ್ನ ಬಿಟ್ಟರ ಮುಂಜಾನೆ ಒಮ್ಮೆ, ಸಂಜಿಗೆ ಒಮ್ಮೆ ಬರೇ ಮುಚ್ಚಳ ತೆಗೆದು ಮೂಸಿ ಇಡತೀನಿ. ಧನಿಯಾ, ಕೊಬ್ಬರಿ, ಮರಾಠಿ ಮೊಗ್ಗು ಎಲ್ಲಾ ಬ್ಯಾರೆ ಬ್ಯಾರೆ ಗೊತ್ತಾಗತಿತ್ತು. ಈಚೀಚೆ ಸ್ವಲ್ಪ ಮುಗ್ಗಲು ವಾಸನಿ. ಮಳಿಗಾಲ, ಎಲ್ಲಾದಕ್ಕೂ ಬರತದ. ನನ್ನ ದಿಂಬಿಗೂ ಬಂದದ.

ಜುಲೈ 11, ಗುರುವಾರ

ಹುಡುಗಿ ಒಬ್ಬಾಕಿನೇ ಹಳ್ಳಿ ತಿರುಗಿದರ ಯಾರೂ ಬಾಗಿಲ ತೆಗಿಯಂಗಿಲ್ಲ, ನೀವು ಜೋಡಿ ಹೋಗ್ರಿ ಮಾವಾರ ಅಂತ ಜಯಮಾಲಾ ಗಂಟು ಬಿದ್ದಳು. ಹೋದೆ. ಹುಮನಾಬಾದಿಗೆ ಒಂದು ಬಸ್ಸು, ಅಲ್ಲಿಂದ ಹಳ್ಳಿಖೇಡಕ್ಕ ಇನ್ನೊಂದು. ಡ್ರೈವರ್ ನನ್ನ ಗುರುತು ಹಿಡಿದು ಮುಂದಿನ ಸೀಟು ಬಿಡಿಸಿಕೊಟ್ಟ. ಮನೀಷಾ "ಕಾಕಾಂದು ಭಾರೀ ವಜನ್ ಅದ" ಅಂದಳು.

ಖಾರ ಕೇಳಿದರ ಜನ ಎಷ್ಟು ಖುಷಿ ಆಗತಾರ! ಒಬ್ಬಾಕಿ ಚಿಕ್ಕ ಬಟ್ಟಲ ತುಂಬಿ ತಂದು, "ನಮ್ಮ ಖಾರ ಲಾತೂರಿಗೂ ಹೋಗತದ್ರಿ, ನನ್ನ ಮಗಳ ಮನಿಗೆ" ಅಂದಳು. ಇನ್ನೊಬ್ಬಾಕಿ, "ಕಂಪನಿಯವರೇನ್ರಿ? ಫಸ್ಟ್ ಪ್ರೈಜ್ ಏನು ಕೊಡತೀರಿ?" ಅಂತ ಕೇಳಿದಳು. ಖಾರದ ಸ್ಪರ್ಧಾ ಅಂತ ತಿಳಕೊಂಡಿದ್ದಳು.

ಒಂದು ದೊಡ್ಡ ಮನಿ. ಯಜಮಾನ್ತಿ ಮನೀಷಾನ್ನ ಮ್ಯಾಲಿಂದ ಕೆಳಗ ನೋಡಿ "ಯಾವೂರವ್ವ? ಯಾರ ಪೈಕಿ?" ಅಂದಳು. ಈಕಿ ಹೇಳಿದಳು, ಮುಚ್ಚಿಡಲಿಲ್ಲ. ಯಜಮಾನ್ತಿ ಒಳಗ ಕರೆಯಲಿಲ್ಲ. ಪೊಟ್ಟಣ ತಂದು ಮನೀಷಾ ಚಾಚಿದ ಕೈ ಬಿಟ್ಟು ನನ್ನ ಕೈಯಾಗ ಇಟ್ಟಳು. ನಾನು ತಗೊಂಡೆ. ತಗೋಬಾರದಿತ್ತೇನೋ.

ಬಸ್ಸಿನಲ್ಲಿ ಪೊಟ್ಟಣ ಇನ್ನೂ ನನ್ನ ಕೈಯಾಗೇ ಇತ್ತು. ಆಕಿಯೇ ನಕ್ಕಳು. "ನಿಮ್ಮ ಕೈಯಾಗ ಕೊಟ್ಟಾಳ, ಹಂಗಾದ್ರ ಪಿಎಚ್.ಡಿ. ನೀವೇ ಮಾಡ್ರಿ ಕಾಕಾ. ನಾ ಬಸ್ ಒದರತೀನಿ."

ಜುಲೈ 12

ಮೊಣಕಾಲು ನೋವು. ಮೂರು ಸಲ ಮಾಳಗಿ ಹತ್ತಿ ಇಳಿದೆ. ಜರಾ ಬಿಸಲು ಬಿದ್ದಿತ್ತು, ಭರಣಿ ಒಯ್ದು ಇಟ್ಟೆ. ಮೋಡ ಆತು, ಓಡಿ ಹೋಗಿ ತಂದೆ. ಹನಿ ಬಿದ್ದಿದ್ದವು, ಒಳಗ ಹೋಗಿರಲಿಕ್ಕಿಲ್ಲ.

ಜುಲೈ 20, ಶನಿವಾರ

ಹುಮನಾಬಾದ ಕಾಲೇಜಿನ ಲ್ಯಾಬಿನಲ್ಲಿ ಒಂದು ಮೂಲಿ ಕೊಟ್ಟಾರ ಮನೀಷಾಗ. ಅಲ್ಲೇ ಖಾರ ಕರಗಿಸಿ, ಸೋಸಿ, ಕೆಂಪು ಬಣ್ಣ ತೆಗೆದು ನೂಲು ಅದ್ದತಾಳ. ಬಣ್ಣ ಪೂರಾ ಹೋಗದಿದ್ದರ ಬೆಳಕು ಸುಳ್ಳು ಹೇಳತದಂತ. ಇವತ್ತು ಬಂದಾಕಿ ಚಪ್ಪಲಿ ಕೂಡ ಬಿಡದೇ ಮೆಟ್ಟಲ ಮ್ಯಾಲ ಕುಂತುಬಿಟ್ಟಳು.

ಎಲ್ಲಾ ನೆಗೆಟಿವ್. ಹಳ್ಳಿಖೇಡ, ಹುಮನಾಬಾದ, ಬಸವಕಲ್ಯಾಣ, ಯಾವುದರಾಗೂ ವಿಷ ಇಲ್ಲ.

"ಛಲೋ ಆತಲ್ಲ!" ಅಂದೆ. ಖರೇನೇ ಖುಷಿ ಆಗಿತ್ತು, ಎದಿ ಮ್ಯಾಲಿಂದ ಏನೋ ಇಳಿದಂಗ.

"ಏನ್ ಛಲೋ ಕಾಕಾ! ಲ್ಯಾಬಿನಾಗ ನಾವೇ ವಿಷ ಬೆರೆಸಿದ ಖಾರ ನೂಲು ಹಿಡೀತದ. ಮನಿ ಖಾರದಾಗ ತಾನಾಗೇ ಹುಟ್ಟಿದ್ದು ಹಿಡೀತದೋ ಇಲ್ಲೋ, ಅದನ್ನ ತೋರಿಸಬೇಕು. ಒಂದೂ ಸಿಗಲಿಲ್ಲಂದ್ರ ಹ್ಯಾಂಗ ತೋರಿಸಲಿ? ನಾಕು ವರ್ಷದ ಕೆಲಸ. ಆಗಸ್ಟ್ ಮುಗಿಯೋದ್ರಾಗ ಕೊಡದಿದ್ರ ಫೆಲೋಶಿಪ್ಪೂ ಇಲ್ಲ, ಪೇಪರೂ ಇಲ್ಲ. ಸರ್ ಫೋನಿನಾಗ ಬೈದ್ರು, ಮನಿ ತಪ್ಪಿಸಿ ಅಂಗಡಿ ಖಾರ ತರಾಕತ್ತೀ ಏನಂತ."

ಆಕಿ ಮ್ಯಾಲ ಹೋದಳು. ಸಂಜಿಮುಂದ ಜಯಮಾಲಾ ನನ್ನ ಬಾಗಿಲಲ್ಲಿ ನಿಂತಳು. ಆಕಿಗೆ ಈಗ ಐದು ತಿಂಗಳು. "ಮಾವಾರ, ಒಂದು ಕೇಳಲೇನ್ರಿ? ಅತ್ತಿಯೋರ ಖಾರ ಎಣ್ಣ್ಯಾಗ ಕಲಸಿ ಬಿಸಿ ರೊಟ್ಟಿಗೆ ಹಚಗೊಂಡು ತಿನ್ನಬೇಕನಸ್ಯಾದ. ಎರಡ್ಮೂರು ದಿನದಿಂದ ಅದೇ ಅದೇ." ಬಸುರಿ ಬಯಕಿ. ಇಲ್ಲ ಅನ್ನಲಿಕ್ಕೆ ಬರತದೇನು? ಚಮಚದ ತುಂಬ ಕೊಟ್ಟೆ. ಕಣ್ಣಾಗ ನೀರು ಬರಂಗ ತಿಂದಳು, ನಕ್ಕೋತ. ಮನಿಯಾಕಿ ಇದ್ದಿದ್ದರ ಗೆಜ್ಜಿ ಕಟಗೊಂಡು ಕುಣೀತಿದ್ದಳು.

ಜುಲೈ 24, ಬುಧವಾರ

ಹುಲಸೂರಿಗೆ ಹೋಗಿದ್ದಿವಿ, ಮನೀಷಾನ ಮನಿಗೆ. ಆಕಿ ತಾಯಿ ಕಮಳಾಬಾಯಿ ಹೊಲದ ಕೂಲಿಗೆ ಹೋಗತಾರ, ಮಗಳು ಬರತಾಳಂತ ಇವತ್ತು ಬಿಟ್ಟಿದ್ದರು. ನನಗ ಖುರ್ಚಿ, ಅದರ ಮ್ಯಾಲ ಹೊಸಾ ಟಾವೆಲ್. ಊಟಕ್ಕ ಏಳಲಿಕ್ಕೆ ಬಿಡಲಿಲ್ಲ. ರೊಟ್ಟಿ, ಬದನಿಕಾಯಿ, ಶೇಂಗಾ ಹಿಂಡಿ. ಉಂಡೆ, ಹೊಟ್ಟಿ ತುಂಬ. ಈ ಹತ್ತು ದಿನದಲ್ಲಿ ಇವತ್ತೇ ಉಂಡದ್ದು.

ಉಣ್ಣುವಾಗ ಮನೀಷಾ ತುತ್ತು ಹಿಡಿದು ನಿಂತಳು. "ಅವ್ವಾ, ಪಲ್ಯಕ್ಕ ಯಾವ ಖಾರ ಹಾಕೀದಿ?"

"ಮನೀದೇ."

"ನನಗ ಸ್ಯಾಂಪಲಿಗೆ ಕೊಟ್ಟದ್ದು ಕೆಂಪಗದ. ಇದು ಕರ್ರಗದ."

ಕಮಳಾಬಾಯಿ ನನ್ನ ಕಡೆ ನೋಡಿ ಸೆರಗು ಸರಿ ಮಾಡಿಕೊಂಡರು. "ಅದು ಬಾಜೂಮನಿಯವರದು, ಹೊಸಾದು. ಬಟ್ಟಲ ಕೊಟ್ಟು ಇಸಗೊಂಡು ಬಂದೆ. ನೀನು ಕಾಲೇಜಿಗೆ ಒಯ್ಯಾಕಿ, ದೊಡ್ಡ ದೊಡ್ಡ ಮಂದಿ ನೋಡೋರು. ನಮ್ಮ ಡಬ್ಬಿ ತಳದ್ದು ಹ್ಯಾಂಗ ಕೊಡಲಿ?"

ಮನೀಷಾ ಎರಡೂ ಕೈಲೆ ತಲಿ ಹಿಡಕೊಂಡಳು. ಎಡಗೈಯೂ ಎಂಜಲಗೈಯೂ. ಆಮೇಲೆ ನಗಾಕ ಸುರು ಮಾಡಿದಳು, ಕಮಳಾಬಾಯಿಯೂ ನಕ್ಕರು, ಯಾಕಂತ ತಿಳೀದೇ. ಸ್ವಂತ ಮಗಳಿಗೇ ಹಿಂಗ ಮಾಡಿದರ ಊರ ಮಂದಿ ಏನು ಮಾಡಿರಬೇಕು? ಎಲ್ಲರೂ ಬೆಸ್ಟ್ ಕ್ವಾಲಿಟಿ ತೆಗೆದು ಕೊಟ್ಟಾರ. ಅತಿಥಿಗೆ ಯಾರು ಕೆಟ್ಟದ್ದು ಕೊಡತಾರ? ಕೆಟ್ಟದ್ದು ಅದ ಅಂತ ಒಪ್ಪಿಕೊಂಡರ ಖಾರಕ್ಕಲ್ಲ, ಕೈಗೇ ಕೆಟ್ಟ ಹೆಸರು ಬಂದಂಗ.

ಮನೀಷಾ ಆ ಡಬ್ಬಿ ತಳದ್ದನ್ನ ಕಟ್ಟಿಸಿಕೊಂಡಳು. ಹಾದಿ ತುಂಬ ಆಕಿ ಮಾತಾಡಿದಳು. ನಾನು ಹ್ಞೂಂ ಅಂದೆ. ನನ್ನ ಕೈಚೀಲ ತೊಡಿ ಮ್ಯಾಲಿಂದ ಎರಡು ಸಲ ಜಾರಿ ಬಿತ್ತು.

ಜುಲೈ 25

ಜಯಮಾಲಾ ಇವತ್ತೂ ಕೇಳಿದಳು. ಕೊಡಲಾರದೇ ಕೊಟ್ಟೆ, ಅರ್ಧ ಚಮಚ. ಕೊಟ್ಟ ಮ್ಯಾಲ ಭರಣಿ ಕಿಟಕಿ ಹತ್ತಿರ ಹಿಡಿದು ನೋಡಿದೆ. ಕೆಡಬಾರದಂತ ಮನಿಯಾಕಿ ಇಟ್ಟಿದ್ದ ಇಂಗಿನ ಹರಳಿನ ಸುತ್ತ ಬೆಳ್ಳಗ ಎಳಿ ಎಳಿ. ಇಂಗಿನ ಪುಡಿ ಇರಬೇಕು. ಉಪ್ಪೂ ಇರಬಹುದು.

ಇಂಗಿನ ಪುಡಿ ಎಳಿ ಎಳಿ ಇರತದೇನು?

ಕಮಳಾಬಾಯಿ ಕೊಟ್ಟದ್ದೂ ಕ್ಲೀನ್ ಬಂತಂತ. ಅವರ ಡಬ್ಬಿ ಒಲಿ ಪಕ್ಕದಾಗೇ ಇರತದ, ಥಂಡಿ ಹತ್ತಿಲ್ಲ ಅಂದಳು ಮನೀಷಾ. ಐ ಕುಡ್ ನಾಟ್ ಸಿಟ್. ಬಸ್ ಸ್ಟ್ಯಾಂಡಿಗೆ ಹೋದೆ, ಬಂದೆ, ಮತ್ತ ಹೋದೆ. ಹಣ್ಣಿನ ಗಾಡಿಯವ "ಯಾರನ್ನಾರ ಕಾಯಾಕತ್ತೀರೇನ್ರಿ?" ಅಂತ ಕೇಳಿದ.

ಜುಲೈ 28, ಭಾನುವಾರ

ಜಯಮಾಲಾ ನನ್ನ ಜೋಡಿ ಹಿಂಗ ಎಂದೂ ಮಾತಾಡಿರಲಿಲ್ಲ. ಬಾಗಿಲ ಮುಂದ ಮಾಡಿ ಬಂದಳು.

"ಆಕಿ ಏನು ತಿಳಕೊಂಡಾಳ ಗೊತ್ತದೇನ್ರಿ ಮಾವಾರ?"

"ಯಾರು?"

"ಮನೀಷಾ. ನಿಮ್ಮ ಭರಣಿ ಸುದ್ದಿ ನಾನೇ ಹೇಳಿದೆ ಆಕಿಗೆ, ಬಾಯಿ ತಪ್ಪಿ. ಆಕಿ ಏನೂ ಸಿಟ್ಟಾಗಲಿಲ್ಲ. 'ಇರಲಿ ಬಿಡು ಜಯಾ, ನಾವು ಬೌದ್ಧರು, ಕಾಕಾಗ ಭರಣಿ ಮುಟ್ಟಗೊಡೋದು ಆಗಲಿಕ್ಕಿಲ್ಲ' ಅಂದಳು. ಹಂಗ ಅಂದು ತಾಟು ತೊಳ್ಯಾಕ ಹೋದಳು. ನನಗ ಸಾಯೂವಷ್ಟು ನಾಚಿಕಿ ಆತು."

"ಹಂಗಲ್ಲ ಅದು! ಮನಿಯೊಳಗ ಯಾರಿಗೂ ಮುಟ್ಟಗೊಟ್ಟಿಲ್ಲ ನಾನು. ಧನರಾಜಗೂ ಕೊಟ್ಟಿಲ್ಲ."

"ಅದು ನನಗ ಗೊತ್ತು. ಆಕಿಗೆ ಹ್ಯಾಂಗ ಗೊತ್ತಾಗಬೇಕು?" ಬಾಗಿಲ ತೆಗೆದು ಹೊಂಟಾಕಿ ತಿರುಗಿ ಅಂದಳು, "ಮತ್ತ ನಾ ತಿನ್ನಾಕತ್ತೀನಲ್ಲ ಅದನ್ನ. ನನ್ನ ಸಲುವಾಗಿ ಆದ್ರೂ ನೋಡಬಾರದೇನು?"

ಆಕಿ ಹೋದ ಮ್ಯಾಲ ಭರಣಿ ತಗೊಂಡು ಮ್ಯಾಲ ಹತ್ತಿದೆ. ಮನೀಷಾ ಕೂದಲು ಬಾಚಿಕೊಳ್ಳಾಕತ್ತಿದ್ದಳು. ಎರಡೂ ಕೈ ಮುಂದ ಮಾಡಿ ಕೊಟ್ಟೆ. ಆಕಿ ಹಣಿಗಿ ಕೆಳಗಿಟ್ಟು, ಎರಡೂ ಕೈಲೆ ತಗೊಂಡಳು. ನನಗ ಹೇಳೂದು ಬಹಳ ಇತ್ತು. "ಹಗೂರ" ಅಂತಷ್ಟೇ ಅಂದೆ.

ಜುಲೈ 30, ಮಂಗಳವಾರ. ಹುಮನಾಬಾದ

ಇದನ್ನ ಕಾಲೇಜಿನ ಮುಂದಿನ ಕಟ್ಟಿ ಮ್ಯಾಲ ಕುಂತು ಬರೆಯಾಕತ್ತೀನಿ.

ನಾನೂ ಬರತೀನಿ ಅಂತ ಹಟ ಹಿಡಿದು ಬಂದಿದ್ದೆ. ನಲವತ್ತೈದು ವರ್ಷದ ಮ್ಯಾಲ ಆ ಲ್ಯಾಬಿನೊಳಗ ಕಾಲಿಟ್ಟೆ. ಅದೇ ವಾಸನಿ. ಮನೀಷಾ ಮೊದಲು ಕ್ಲೀನ್ ಖಾರದ ನೀರಿನಾಗ ನೂಲು ಅದ್ದಿದಳು. ಗುಡ್ಡ ಇದ್ದಲ್ಲೇ ಇತ್ತು. ಆಮೇಲೆ ನಮ್ಮದು. ನಾನು ಉಸಿರು ಬಿಗಿ ಹಿಡಿದಿದ್ದೆ, ನನ್ನ ಉಸಿರಿಗೆ ಗುಡ್ಡ ಸರಿದೀತು ಅಂತ. ಮೊದಲು ಏನೂ ಆಗಲಿಲ್ಲ. ಆಮೇಲೆ ಬಲಕ್ಕ ಹೊಂಟಿತು. ನಿಂತೀತು ನಿಂತೀತು ಅಂತ ನೋಡಿದೆ. ನಿಲ್ಲಲಿಲ್ಲ.

ಮನೀಷಾ ತೊಳೆದು ಇನ್ನೊಂದು ನೂಲು ಹಾಕಿದಳು. ಅದೂ ಹಂಗೇ. ಮೂರನೇದೂ ಹಂಗೇ. ಸರಕಾರ ಹಾಕಿದ ಗಡಿ ದಾಟಿ ಬಹಳ ಮುಂದ.

ಆಕಿ ನಾಕು ವರ್ಷದಿಂದ ಹುಡುಕಿದ್ದು ಸಿಕ್ಕಿತ್ತು. ಕುಣೀಬೇಕಿತ್ತು. ಕುಣೀಲಿಲ್ಲ. ಲ್ಯಾಪ್‌ಟಾಪ್ ಅರ್ಧ ಮುಚ್ಚಿ, "ಕಾಕಾ, ಕಲಬುರಗಿ ದೊಡ್ಡ ಮಷೀನಿನಾಗ ಮತ್ತೊಮ್ಮೆ ನೋಡೋತನ ಖಾತ್ರಿ ಅಲ್ಲ. ಆದ್ರ ಜಯಾ ಇನ್ನ ತಿನ್ನೋದು ಬ್ಯಾಡ. ನೀವೂ ಬ್ಯಾಡ" ಅಂದಳು.

"ಆಕಿ ಕೈಯಾಗ ಹಂಗ ಆಗಲಿಕ್ಕೆ ಸಾಧ್ಯಿಲ್ಲ" ಅಂದೆ.

"ಯಾರ ಕೈಯಾಗ?"

ಹೊರಗ ಬಂದೆ.

ಜುಲೈ 31

ಏನೂ ಬರೆಯೂದಿಲ್ಲ ಇವತ್ತು.

ಆಗಸ್ಟ್ 2, ಶುಕ್ರವಾರ

ಜಯಮಾಲಾನ್ನ ಧನರಾಜ ದವಾಖಾನಿಗೆ ಕರಕೊಂಡು ಹೋದ. ನಾನು ಅಲ್ಲಿ ಹೋಗಿ ಏನು ಮಾಡಲಿ, ಹುಮನಾಬಾದಿನ ಬಸ್ ಹತ್ತಿದೆ. ತಲಿಯೊಳಗ ಒಂದೇ: ಆ ವರ್ಷದ ಮೆಣಸಿನಕಾಯಿಯೇ ಹಸೀ ಇದ್ದಿರಬೇಕು.

ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಹಜಿರಾ ಬೀದು ಗಾಜಿನ ಬಳಿ ಅಂಗಡಿ. ನಾವು ಹುಮನಾಬಾದಿನಲ್ಲಿ ಇದ್ದಾಗ ಬಾಜೂಮನಿ. ಪ್ರತಿ ವರ್ಷ ಆಕಿ, ನಮ್ಮ ಮನಿಯಾಕಿ ಇಬ್ಬರೂ ಕೂಡಿ ಒಂದೇ ಚೀಲ ಮೆಣಸಿನಕಾಯಿ ತಂದು, ಒಣಗಿಸಿ, ಕುಟ್ಟಿಸಿ, ಹಂಚಿಕೊಳ್ಳೋರು. ನಾವು ಬಸವಕಲ್ಯಾಣಕ್ಕ ಬಂದ ಮ್ಯಾಲೂ ಅದು ತಪ್ಪಲಿಲ್ಲ.

"ಯಾಕ್ರಿ ಕಂಟ್ರೋಲರ್ ಸಾಬ್, ರಸ್ತಾ ತಪ್ಪಿತೇನು? ಮಾಣಿಕಮ್ಮ ಹೋದ ಮ್ಯಾಲ ಈ ಕಡೆ ಮುಖಾನೇ ಇಲ್ಲ."

ನಾನು ಸುತ್ತಿ ಬಳಸಿ ಕೇಳಿದೆ, ಆ ವರ್ಷ ಮೆಣಸಿನಕಾಯಿ ಬರಾಬರ್ ಒಣಗಿತ್ತೇನು ಅಂತ. ಆಕಿ ಯಾರದೋ ಕೈಗೆ ಬಳಿ ಏರಸಾಕತ್ತಿದ್ದಳು. ಅಲ್ಲಿಗೇ ಬಿಟ್ಟಳು, ಬಳಿ ಅರ್ಧ ಹಸ್ತದಾಗ.

"ಯಾ ಅಲ್ಲಾ! ಹಸೀ ಕಾಯಿ ಕುಟ್ಟಿಸಿದ್ಳು ಅಂತೀರೇನು? ಮಾಣಿಕಮ್ಮ? ನನ್ನ ಮಾಳಗಿ ಮ್ಯಾಲ ಬೆಂಕಿಯಂಥ ಬಿಸಲಾಗ ಒಣಗಿಸೀವಿ. ಮುರಿದ್ರ ಕಟ್ ಅನಬೇಕು, ಇಲ್ಲಂದ್ರ ಮತ್ತ ಹಾಸು ಅನ್ನಾಕಿ. ತೊಟ್ಟು ಬಿಡಿಸಿ ಬಿಡಿಸಿ ಕೈ ಉರಿದು ಇಬ್ಬರೂ ಮಜ್ಜಿಗ್ಯಾಗ ಕೈ ಇಟಗೊಂಡು ಕುಂತಿದ್ದಿವಿ. ಆವಾಗ ನೀವು ಎಲ್ಲಿದ್ರಿ? ಪೇಪರ್ ಓದಕೋತ ಛಾ ಕೇಳಾಕತ್ತಿದ್ರಿ!"

ಬಳಿ ಹಾಕಿಸಿಕೊಳ್ಳಾಕತ್ತಿದ್ದ ಹೆಂಗಸು ನಕ್ಕಳು. ನಾನು ಮನೀಷಾನ ಸುದ್ದಿ, ನೂಲಿನ ಸುದ್ದಿ ಎಲ್ಲಾ ಹೇಳಿದೆ. ಹಜಿರಾ ಬೀ ಪೂರಾ ಕೇಳಲೇ ಇಲ್ಲ. ಒಳಗ ಹೋಗಿ ಸ್ಟೀಲಿನ ಡಬ್ಬಿ ತಂದು ನನ್ನ ಮುಂದ ಕುಕ್ಕಿದಳು. "ನನ್ನ ಪಾಲಿಂದು. ಅದೇ ಚೀಲ, ಅದೇ ಗಿರಣಿ, ಅದೇ ದಿನ. ಉಪ್ಪಿನಕಾಯಿಗಂತ ತೆಗೆದಿಟ್ಟದ್ದು ಉಳಿದದ. ಒಯ್ರಿ, ನಿಮ್ಮ ಆ ಬೆಳಕಿನ ಕಡ್ಡಿ ಹಚ್ಚಿ ನೋಡ್ರಿ. ಹೆಣ್ಮಗಳು ಸತ್ತ ಮ್ಯಾಲ ಹೆಸರು ಇಡಾಕ ಬಂದಾರ!"

ಡಬ್ಬಿ ತಗೊಂಡು ಎದ್ದೆ. ಹಿಂದಿಂದ ಕೂಗಿದಳು: "ನೀವು ಅದನ್ನ ಎಲ್ಲಿಟ್ಟಿದ್ರಿ?"

"ನನ್ನ ಖೋಲ್ಯಾಗ. ಕಪಾಟಿನಾಗ."

"ಮಳಿ ಹೊಡಿಯೋ ಗ್ವಾಡಿ ಕಪಾಟಿನಾಗ? ದಿನಾ ಬಾಯಿ ತೆಗೀತಿದ್ರೇನು?"

ಬಸ್ಸು ಬಂತು, ಹತ್ತಿದೆ.

ಆಗಸ್ಟ್ 6, ಮಂಗಳವಾರ

ಎರಡೂ ಒಂದೇ ದಿನ ಬಂದವು. ಕಲಬುರಗಿ ದೊಡ್ಡ ಮಷೀನು ನೂಲು ಹೇಳಿದ್ದನ್ನೇ ಹೇಳ್ಯಾದ: ನಮ್ಮ ಭರಣಿಯಾಗ ವಿಷ ಅದ. ಹಜಿರಾ ಬೀ ಡಬ್ಬಿ ಕ್ಲೀನ್. ಗುಡ್ಡ ಅಲುಗಲೇ ಇಲ್ಲ.

ಒಂದೇ ಚೀಲ. ಒಂದೇ ದಿನ. ಕೈ ಒಂದೇ.

ಮನೀಷಾ ಹೇಳಲಿಕ್ಕೆ ಒದ್ದಾಡಿದಳು. "ಕಾಕಾ, ಮುಚ್ಚಳ ತೆಗೆದಾಗೊಮ್ಮೆ ಹಸೀ ಗಾಳಿ ಒಳಗ ಹೋಗತದ. ಅಷ್ಟೇ ಆಗಿರೋದು."

ಅಷ್ಟೇ. ದಿನಕ್ಕ ಮೂರು ಸಲ ತೆಗೆದೆ ನಾನು. ಆಕಿ ಬಿಸಲಿನಾಗ ಒಣಗಿಸಿ ಒಣಗಿಸಿ ಹಾಕಿದ್ದಳು. ನಾನು ಮೂಸಿ ಮೂಸಿ ಕೆಡಿಸಿದೆ.

ಡಾಕ್ಟರು ಫಿಕರ್ ಮಾಡಬ್ಯಾಡ್ರಿ ಅಂದಾರಂತ, ತಿಂದದ್ದು ಎರಡು ಸಲ, ಅದೂ ಇಷ್ಟೇ. ಕೂಸು ಛಲೋ ಅದ. ನನ್ನ ರಕ್ತಾನೂ ತೆಗಿಸಿದರು, ಅದೂ ನಾರ್ಮಲ್. ಜಯಮಾಲಾ ಬಂದಾಕಿನೇ ನನ್ನ ತಾಟಿಗೆ ಎರಡು ರೊಟ್ಟಿ ಹೆಚ್ಚಿಗಿ ಹಾಕಿದಳು, ಬೈಯಲಿಲ್ಲ. ಬೈದಿದ್ದರ ಅಡ್ಡಿ ಇರಲಿಲ್ಲ.

ಆಗಸ್ಟ್ 7

ಭರಣಿ ಪೂರಾ ಒಯ್ಯಲೇನು ಅಂತ ಮನೀಷಾ ಕೇಳಿದಳು. ಆಕಿಗೆ ಮುಂದಿನ ಪರೀಕ್ಷಾಕ್ಕ ಬೇಕಂತ, ತಾನಾಗೇ ಕೆಟ್ಟ ಖಾರ ಇಷ್ಟು ಒಂದೇ ಕಡೆ ಸಿಗೂದು ಅಪರೂಪ. ಒಯ್ಯಿ ಅಂದೆ. ಕಪಾಟು ತೆರೆದು ಒರಸಿದೆ. ಹಿಂದಿನ ಹಲಗಿ ಮೆತ್ತಗಾಗೇದ, ಬೊಟ್ಟು ಇಳೀತದ. ಧನರಾಜಗ ಹೇಳಿ ಆ ಗ್ವಾಡಿಗೆ ಹೊರಗಿನಿಂದ ಸಿಮೆಂಟ್ ಹಚ್ಚಿಸಬೇಕು.

ಒಂದು ಸ್ಯಾಂಪಲ್ ಸಾಲದಂತ. ಇನ್ನೂ ಬೇಕಂತ. ಮನಿಮನಿ ಮತ್ತ ತಿರುಗಬೇಕು. "ಮಂದಿ ಮತ್ತ ಛಲೋದೇ ಕೊಡತಾರ" ಅಂದಳು ಆಕಿ.

ಆಗಸ್ಟ್ 13, ಮಂಗಳವಾರ

ಇಬ್ಬರೂ ರಾಜೇಶ್ವರ ಊರಿಗೆ ಹೋದಿವಿ. ಮೊದಲನೇ ಮನಿಯಾಗೇ ಒಬ್ಬ ಮುದುಕಿ ಕೆಂಪಗ ಹೊಳಿಯೋ ಖಾರ ತಂದಳು. ಮನೀಷಾ ನನ್ನ ಕಡೆ ನೋಡಿದಳು. ಆಕಿ ಎಷ್ಟು ತಿಳಿಸಿ ಹೇಳಿದರೂ ಮುದುಕಿ "ನಮ್ಮನ್ಯಾಗ ಹಳೇದು ಇರೂದೇ ಇಲ್ಲವ್ವ" ಅಂತ ಒಂದೇ ಸವನೆ.

ನನ್ನ ಬಾಯಿಂದ ಹ್ಯಾಂಗ ಬಂತೋ. "ಆಯೀ, ನಮ್ಮ ಮಾಣಿಕಮ್ಮ ಹೋದ ವರ್ಷ ಕುಟ್ಟಿಸಿದ ಖಾರ ಇತ್ತು. ಊರಿಗೇ ಹೆಸರಾದ ಖಾರ. ಆಕಿ ತೀರಿಕೊಂಡಳು. ನಾನು ಕಪಾಟಿನಾಗಿಟ್ಟು ದಿನಾ ಮೂಸಿ ಮೂಸಿ ವಿಷ ಮಾಡಿಬಿಟ್ಟೆ. ಈ ಹುಡುಗಿ ಮಷೀನ್ ಹಚ್ಚಿ ಹೇಳಿದಳು. ಕೈ ಮಾಣಿಕಮ್ಮಂದು, ಕೆಡಿಸಿದವ ನಾನು."

ಮುದುಕಿ ಬಟ್ಟಲ ಹಿಡಕೊಂಡು ನನ್ನನ್ನೇ ನೋಡಿದಳು. ಆಮೇಲೆ ಒಳಗ ತಿರುಗಿ ಸೊಸಿಗೆ ಕೂಗಿದಳು: "ಕೇಳಿದೇನಬೇ! ಗಂಡಸರ ಕೈಯಾಗ ಡಬ್ಬಿ ಸಿಕ್ರ ಇಷ್ಟೇ ನೋಡು!" ಒಳಗ ಪಾತ್ರಿ ಬಿದ್ದಂಗ ನಗಿ. "ನಮ್ಮ ಮುದುಕನೂ ಹಂಗೇ. ಉಪ್ಪಿನಕಾಯ್ಯಾಗ ಹಸೀ ಕೈ ಹಾಕತಾನ. ತಾಳ್ರಿ, ತಾಳ್ರಿ." ಮಂಚದ ಕೆಳಗಿಂದ ತಗಡಿನ ಡಬ್ಬಿ ಎಳೆದಳು. ಅಕ್ಕಿ ಮೂಟಿ ಹಿಂದಿಂದ ಇನ್ನೊಂದು. "ಇದು ಯಾವ ವರ್ಷದ್ದೋ ದೇವರೇ ಬಲ್ಲ. ಚೆಲ್ಲಾಕ ಮನಸ್ಸಿಲ್ಲ, ತಿನ್ನಾಕ ಧೈರ್ಯ ಇಲ್ಲ. ಒಯ್ಯವ್ವ, ನೋಡಿ ಹೇಳು."

ಮನೀಷಾನ ಕೈಯಾಗ ಕೊಟ್ಟಳು.

ಆಮೇಲೆ ಎಲ್ಲಾ ಮನಿಯಾಗೂ ಅದನ್ನೇ ಹೇಳಿದೆ. ಒಂದು ಮನಿಯಾಗ ಛಾ, ಇನ್ನೊಂದರಾಗ ಅವಲಕ್ಕಿ. ನಾಕನೇ ಮನಿಗೆ ಹೋಗೂದ್ರೊಳಗ ಸುದ್ದಿ ನಮ್ಮಕಿಂತ ಮುಂದ ಹೋಗಿತ್ತು. "ಮೂಸಿ ಕೆಡಿಸಿದವರು ಬಂದಾರ, ತಗೀರಿ ಡಬ್ಬಿ" ಅಂತ ಒಬ್ಬಾಕಿ ಗೇಟಿನಿಂದಲೇ ಒದರಿದಳು. ಮನೀಷಾ ನಕ್ಕು ನಕ್ಕು ಸ್ಯಾಂಪಲ್ ಮ್ಯಾಲ ಹೆಸರು ತಪ್ಪು ಬರೆದಳು. ಚೀಲ ತುಂಬಿತು. ಹೊಳ್ಳಿ ಬರುವಾಗ ಬಸ್ಸಿನಾಗ ನಿದ್ದಿ ಹತ್ತಿತ್ತು, ಆಕಿಯೇ ಎಬ್ಬಿಸಿದಳು.

ಆಗಸ್ಟ್ 22, ಗುರುವಾರ

ಮನೀಷಾ ಹೋದಳು. ರಾಜೇಶ್ವರದ ಡಬ್ಬಿಗಳಾಗ ಐದು ಕೆಟ್ಟಿದ್ದವು, ಎಷ್ಟು ಕೆಟ್ಟಾವ ಅಂತಾನೂ ನೂಲು ಬರಾಬರ್ ಹೇಳ್ಯಾದ, ದೊಡ್ಡ ಮಷೀನಿನ ಲೆಕ್ಕಕ್ಕ ಹೊಂದ್ಯಾದ. ಆಕಿಯ ಸರ್ ಫೋನಿನಾಗ "ವೆರಿ ಗುಡ್" ಅಂದದ್ದು ನನಗೂ ಕೇಳಿಸಿತು. ಕೆಟ್ಟದ್ದು ಬಂದ ಐದೂ ಮನಿಗೆ ನಿನ್ನೆ ಇಬ್ಬರೂ ಹೋಗಿ ಹೇಳಿ ಬಂದಿವಿ. ಮುದುಕಿ ನಮ್ಮ ಎದುರಿಗೇ ಡಬ್ಬಿಯಾಗ ಉಳಿದದ್ದು ತಿಪ್ಪಿಗೆ ಚೆಲ್ಲಿದಳು. ಕಮಳಾಬಾಯಿ ಮಗಳನ್ನು ಕಳಿಸಲಿಕ್ಕೆ ಬಂದಿದ್ದರು, ನಮ್ಮನ್ಯಾಗೇ ಊಟ ಮಾಡಿದರು. ಬಸ್ಸಿನ ಸೀಟು ನಾನೇ ಹಿಡಿದುಕೊಟ್ಟೆ, ಕಿಟಕಿ ಪಕ್ಕದ್ದು. ಪೆಟ್ಟಿಗಿ ಡ್ರೈವರ್ ಹಿಂದ.

ಹಜಿರಾ ಬೀ ಡಬ್ಬಿಯಾಗ ಮನೀಷಾಗ ಬೇಕಾದದ್ದು ಒಂದು ಚಮಚ. ಉಳಿದದ್ದನ್ನ ಒಯ್ದು ಕೊಟ್ಟರ ಆಕಿ ತಗೊಳ್ಳಲಿಲ್ಲ, "ಬಸುರಿಗೆ ಕೊಡ್ರಿ" ಅಂದಳು. ತಂದ ದಿನ ಜಯಮಾಲಾ ಡಬ್ಬಿ ಹಿಡಿದು ನನ್ನ ಖೋಲಿ ಬಾಗಿಲಿಗೆ ಬಂದಳು, "ಎಲ್ಲಿ ಇಡಲ್ರಿ?" ಅಂತ. ಒಲಿ ಹತ್ತಿರ ಇಡು ಅಂದೆ. ಒಂಬತ್ತು ದಿನ ಎಲ್ಲಾರೂ ತಿಂದೆವು. ಧನರಾಜ ಮೊಸರಿಗೂ ಹಾಕಿಕೊಂಡ, ಹುಚ್ಚ.

ಇವತ್ತು ಜಯಮಾಲಾ ಡಬ್ಬಿಗೆ ಎಣ್ಣಿ ಬಿಟ್ಟು, ಬಿಸಿ ರೊಟ್ಟಿಯ ತುಂಡಿನಿಂದ ಮೂಲಿ ಮೂಲಿ ಒರೆಸಿ ನನ್ನ ತಾಟಿಗೆ ಇಟ್ಟಳು. "ಮುಗೀತ್ರಿ ಮಾವಾರ."

ಖಾರ ಭಾರೀ ಇತ್ತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.